ಮೊಟ್ಟೆಯಿಲ್ಲ, ಚೀಸ್ ಇಲ್ಲ: ದಕ್ಷಿಣ ಇಟಲಿಯ ಕಡಲೆ-ಪಾಸ್ತಾ ಮಾಡುವ ಕ್ರಮ ಮತ್ತು ಅದರ ಪೋಷಕಾಂಶ

ಮೊಟ್ಟೆ ಹಾಕದೆ ಮನೆಯಲ್ಲಿ ಪಾಸ್ತಾ ಮಾಡಲು ಬರುತ್ತದೆಯೇ, ಪಾಸ್ತಾ ಎಂದರೆ ಮೈದಾ ತಾನೆ, ಚೀಸ್ ಇಲ್ಲದ ಇಟಾಲಿಯನ್ ಅಡುಗೆ ಯಾವುದಾದರೂ ಇದೆಯೇ ಎಂಬ ಮೂರು ಪ್ರಶ್ನೆಗಳನ್ನು ಓದುಗರು ಮತ್ತೆ ಮತ್ತೆ ಕೇಳುತ್ತಿರುತ್ತಾರೆ. ಮೂರಕ್ಕೂ ಒಂದೇ ಅಡುಗೆಯಲ್ಲಿ ಉತ್ತರವಿದೆ. ಇಟಲಿಯ ಭೂಪಟವನ್ನು ಬೂಟಿಗೆ ಹೋಲಿಸುವುದುಂಟಲ್ಲ, ಆ ಬೂಟಿನ ಹಿಮ್ಮಡಿಯ ಭಾಗಕ್ಕೆ ಸಲೆಂತೊ ಎಂದು ಹೆಸರು. ಅದು ಪುಲಿಯಾ ಪ್ರಾಂತ್ಯಕ್ಕೆ ಸೇರಿದ್ದು, ಲೆಚ್ಚೆ ಅಲ್ಲಿನ ಮುಖ್ಯ ನಗರ. ಅಲ್ಲಿ 'ಚಿಚೆರಿ ಎ ತ್ರಿಯಾ' ಎಂಬ ಅಡುಗೆಯನ್ನು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಚಿಚೆರಿ ಎಂದರೆ ಕಡಲೆ, ತ್ರಿಯಾ ಎಂದರೆ ರವೆ ಹಿಟ್ಟಿನ ಪಟ್ಟಿಗಳು. ಬೇಯಿಸಿದ ಕಡಲೆಗೆ ಬೇಯಿಸಿದ ಪಟ್ಟಿಗಳನ್ನೂ ಎಣ್ಣೆಯಲ್ಲಿ ಕರಿದ ಪಟ್ಟಿಗಳನ್ನೂ ಬೆರೆಸಿ ಬಡಿಸುವುದು ಇದರ ವಿಶೇಷ.

ಹೆಸರುಗಳಲ್ಲಿಯೇ ಇದರ ವಯಸ್ಸು ಗೊತ್ತಾಗುತ್ತದೆ. ಚಿಚೆರಿ ಲ್ಯಾಟಿನ್ ಮೂಲದ್ದು; ತ್ರಿಯಾ ಅರಬ್ಬಿಯ 'ಇತ್ರಿಯ್ಯ'ದಿಂದ ಬಂದದ್ದು. 1154ರ ಸುಮಾರಿಗೆ ಸಿಸಿಲಿಯ ದೊರೆಯ ಆಶ್ರಯದಲ್ಲಿದ್ದ ಭೂಗೋಳಜ್ಞ ಅಲ್ ಇದ್ರಿಸಿ, ಪಲೆರ್ಮೊ ಸಮೀಪದ ತ್ರಾಬಿಯಾ ಎಂಬ ಊರಿನಲ್ಲಿ ಇತ್ರಿಯ್ಯವನ್ನು ತಯಾರಿಸಿ ದೂರದ ಊರುಗಳಿಗೆ ಹಡಗಿನಲ್ಲಿ ಕಳಿಸುತ್ತಿದ್ದರೆಂದು ಬರೆದಿದ್ದಾನೆ. ಇಂದಿಗೂ ಸಲೆಂತೊದಲ್ಲಿ ಮಾರ್ಚ್ 19ರ ಸಂತ ಜೋಸೆಫರ ಹಬ್ಬದ ಊಟದಲ್ಲಿ ಇದಕ್ಕೆ ಖಾಯಂ ಸ್ಥಾನವಿದೆ.

ಮಾಂಸ ಕೊಳ್ಳಲಾಗದ ಮನೆಗಳ ಅಡುಗೆ ಇದು. ಆದ್ದರಿಂದ ಇಲ್ಲಿ ಪಾಸ್ತಾ ನಾಯಕನಲ್ಲ, ಕಡಲೆಯೇ ನಾಯಕ. ಕರಿದ ಪಟ್ಟಿಗಳು ಹಲ್ಲಿಗೆ ಗಟ್ಟಿಯಾಗಿ ಸಿಕ್ಕಿ ಮಾಂಸದ ಕೊರತೆಯನ್ನು ತುಂಬುತ್ತವೆ. ಇದನ್ನು ನೆನಪಿನಲ್ಲಿ ಇಟ್ಟುಕೊಂಡರೆ ಮುಂದಿನ ಅರ್ಧ ತಪ್ಪುಗಳು ತಾವಾಗಿ ತಪ್ಪುತ್ತವೆ.

ಹಿಟ್ಟಿನ ಪ್ರಶ್ನೆ ಮೊದಲು

ಮೊಟ್ಟೆ ಹಾಕಿದ ಪಾಸ್ತಾ ಮುಖ್ಯವಾಗಿ ಉತ್ತರ ಇಟಲಿಯದು. ಬೊಲೊನ್ಯಾ ಸುತ್ತಿನ ಎಮಿಲಿಯಾ-ರೊಮಾನ್ಯಾದಲ್ಲಿ ಮೃದು ಗೋಧಿಯ ನುಣ್ಣನೆಯ ಹಿಟ್ಟಿಗೆ, 100 ಗ್ರಾಂಗೆ ಒಂದರಂತೆ ಮೊಟ್ಟೆ ಒಡೆದು ಹಾಕುತ್ತಾರೆ. ದಕ್ಷಿಣದಲ್ಲಿ ಬೆಳೆಯುವುದು ಡ್ಯೂರಮ್ ಎಂಬ ಗಟ್ಟಿ ಗೋಧಿ. ಅದರ ಕಾಳು ಬೀಸಿದಾಗ ಪುಡಿಯಾಗುವುದಕ್ಕಿಂತ ರವೆಯಾಗುವುದೇ ಹೆಚ್ಚು, ಮತ್ತು ಅದರ ಅಂಟು, ಅಂದರೆ ಹಿಟ್ಟನ್ನು ಹಿಡಿದಿಡುವ ಗ್ಲುಟೆನ್ ಪ್ರೋಟೀನು, ಮೊಟ್ಟೆಯ ನೆರವಿಲ್ಲದೆಯೇ ಪಟ್ಟಿಯನ್ನು ಕುದಿನೀರಿನಲ್ಲಿ ಒಡೆಯದಂತೆ ಕಾಯುತ್ತದೆ. ಇಟಲಿಯಲ್ಲಿ ಮಾರಾಟಕ್ಕೆಂದು ತಯಾರಿಸುವ ಒಣ ಪಾಸ್ತಾ ಡ್ಯೂರಮ್ ಗೋಧಿಯದೇ ಆಗಿರಬೇಕೆಂದು 1967ರಿಂದ ಕಾನೂನಿದೆ. ಪಾಸ್ತಾ ಎಂದರೆ ಮೈದಾ ಎಂಬ ನಂಬಿಕೆ ಹುಟ್ಟಿದ್ದು ನಮ್ಮ ಮಾರುಕಟ್ಟೆಯ ಅಗ್ಗದ ಪೊಟ್ಟಣಗಳಿಂದ.

ಸಲೆಂತೊದವರು ಬಳಸುವುದು 'ಸೆಮೊಲಾ ರಿಮಚಿನಾತಾ', ಎಂದರೆ ಎರಡನೆಯ ಸಲ ಬೀಸಿದ ಡ್ಯೂರಮ್ ರವೆ. ಮುಟ್ಟಿದರೆ ಚಿರೋಟಿ ರವೆಗಿಂತ ನುಣುಪು, ಮೈದಾಕ್ಕಿಂತ ಒರಟು, ಬಣ್ಣ ತಿಳಿ ಹಳದಿ. ನಮ್ಮಲ್ಲಿ ಸಿಗುವ ಚಿರೋಟಿ ರವೆ ಎಲ್ಲವೂ ಡ್ಯೂರಮ್ ಅಲ್ಲ. ಬಹಳಷ್ಟು ಸಾಧಾರಣ ಗೋಧಿಯದ್ದೇ. ಬನ್ಸಿ ರವೆ ಡ್ಯೂರಮ್ ಜಾತಿಯ ಗೋಧಿಯದು, ಆದರೆ ಅದು ದಪ್ಪ. ಆದ್ದರಿಂದ ಪೊಟ್ಟಣದ ಮೇಲೆ ಡ್ಯೂರಮ್ ಎಂದು ನಮೂದಾಗಿರುವ ಸಣ್ಣ ರವೆ ಸಿಕ್ಕರೆ ಅದನ್ನೇ ಕೊಳ್ಳಿ. ಇಲ್ಲದಿದ್ದರೆ ಬನ್ಸಿ ರವೆಯನ್ನು ಮಿಕ್ಸಿಯ ಒಣ ಜಾರಿನಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಮೈದಾ ಜರಡಿಯಲ್ಲಿ ಸೋಸಿ ಬಳಸಿ. ಮಿಕ್ಸಿ ಬಿಸಿಯಾಗುವಷ್ಟು ಹೊತ್ತು ಓಡಿಸಬೇಡಿ. ಉತ್ತರ ಕರ್ನಾಟಕದಲ್ಲಿ ಸದಕ, ಖಪ್ಲಿ ಅಥವಾ ಜವೆ ಗೋಧಿ ಎನ್ನುವ ತಳಿಯೂ ಡ್ಯೂರಮ್‌ನ ಹತ್ತಿರದ ಬಂಧುವೇ. ಇಟಲಿಯಲ್ಲಿ ಅದೇ ಜಾತಿಯನ್ನು 'ಫಾರ್ರೊ' ಎಂದು ಕರೆದು ಇಂದಿಗೂ ಬೆಳೆಯುತ್ತಾರೆ. ಅದರ ಹಿಟ್ಟನ್ನು ಕಾಲು ಪಾಲಿನಷ್ಟು ಬೆರೆಸಬಹುದು. ಚಪಾತಿ ಹಿಟ್ಟಿನಿಂದಲೇ ಪೂರ್ತಿ ಮಾಡುತ್ತೇನೆ ಎಂದರೆ ಪಟ್ಟಿಗಳು ಮೆತ್ತಗಾಗಿ ತುದಿ ಕರಗುತ್ತವೆ. ಆ ದಾರಿಯನ್ನು ನಾನು ಸೂಚಿಸುವುದಿಲ್ಲ.

ಬೇಕಾದ ಸಾಮಗ್ರಿ (ನಾಲ್ಕು ಜನಕ್ಕೆ)

ಕಾಬೂಲಿ ಕಡಲೆ 250 ಗ್ರಾಂ, ಡ್ಯೂರಮ್ ಸಣ್ಣ ರವೆ 250 ಗ್ರಾಂ, ಉಗುರುಬೆಚ್ಚಗಿನ ನೀರು 125 ಮಿಲಿ, ಈರುಳ್ಳಿ ಎರಡು, ಬೆಳ್ಳುಳ್ಳಿ ಎರಡು ಎಸಳು, ಸೆಲೆರಿ ದಂಟು ಒಂದು, ಮಾಗಿದ ಸಣ್ಣ ಟೊಮೆಟೊ ನಾಲ್ಕು, ಬೇ ಎಲೆ ಎರಡು, ಆಲಿವ್ ಎಣ್ಣೆ, ಉಪ್ಪು, ಕರಿಮೆಣಸು.

ಎರಡು ಸಾಮಗ್ರಿಗಳ ಬಗ್ಗೆ ಎಚ್ಚರಿಕೆ ಬೇಕು. ಇಟಾಲಿಯನ್ ಅಡುಗೆಯ ಬೇ ಎಲೆ ನಮ್ಮ ಪಲಾವ್ ಎಲೆಯಲ್ಲ. ಪಲಾವ್ ಎಲೆಗೆ ಉದ್ದಕ್ಕೆ ಮೂರು ನರಗಳಿದ್ದು ದಾಲ್ಚಿನ್ನಿಯ ವಾಸನೆ ಇರುತ್ತದೆ. ಬೇ ಎಲೆಗೆ ನಡುವೆ ಒಂದೇ ನರ, ವಾಸನೆಯೂ ಬೇರೆ. ಸರಿಯಾದದ್ದು ಸಿಗದಿದ್ದರೆ ಎಲೆಯನ್ನೇ ಬಿಟ್ಟುಬಿಡಿ. ಆಲಿವ್ ಎಣ್ಣೆ ಕೊಳ್ಳುವಾಗ 'ಎಕ್ಸ್‌ಟ್ರಾ ವರ್ಜಿನ್' ಎಂದಿರುವುದನ್ನು ಆರಿಸಿ. ಹಣ್ಣನ್ನು ಬಿಸಿ ಮಾಡದೆ, ರಾಸಾಯನಿಕ ಬಳಸದೆ, ಯಂತ್ರದಿಂದಷ್ಟೇ ತೆಗೆದ ಎಣ್ಣೆಗೆ ಈ ಹೆಸರು, ಅದರ ಆಮ್ಲೀಯತೆ ಶೇ. 0.8 ಮೀರುವಂತಿಲ್ಲ. 'ಪೊಮೇಸ್' ಎಂದಿರುವ ಡಬ್ಬಿಗಳಲ್ಲಿರುವುದು ಹಿಂಡಿ ಉಳಿದ ಹಿಂಡಿಯಿಂದ ದ್ರಾವಕದ ಮೂಲಕ ತೆಗೆದು ಶುದ್ಧೀಕರಿಸಿದ ಎಣ್ಣೆ. ಕರಿಯಲು ತೊಂದರೆಯಿಲ್ಲ, ಆದರೆ ಪರಿಮಳವನ್ನಾಗಲಿ ಆಲಿವ್‌ನ ವಿಶೇಷ ಗುಣಗಳನ್ನಾಗಲಿ ಅದರಿಂದ ನಿರೀಕ್ಷಿಸುವಂತಿಲ್ಲ.

1. ಹಿಂದಿನ ರಾತ್ರಿ: ನೆನೆಸುವುದು

ಕಡಲೆಯನ್ನು ಆರಿಸಿ, ತೊಳೆದು, ಮೂರು ಪಟ್ಟು ನೀರಿನಲ್ಲಿ ಒಂದು ಚಿಕ್ಕ ಚಮಚ ಉಪ್ಪು ಕರಗಿಸಿ 12 ಗಂಟೆ ನೆನೆಸಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎಂಬ ಮಾತು ನೆನೆಸುವ ನೀರಿಗೆ ಅನ್ವಯಿಸುವುದಿಲ್ಲ. ಉಪ್ಪುನೀರು ಸಿಪ್ಪೆಯನ್ನು ಮೆತ್ತಗೆ ಮಾಡುತ್ತದೆ. ಬೆಳಿಗ್ಗೆ ಆ ನೀರನ್ನು ಚೆಲ್ಲಿ ಕಾಳನ್ನು ಮತ್ತೆ ತೊಳೆಯಬೇಕು. ಕಡಲೆ ತಿಂದರೆ ಹೊಟ್ಟೆಯಲ್ಲಿ ವಾಯು ತುಂಬುವುದಕ್ಕೆ ಕಾರಣವಾದ, ನಮ್ಮ ಕರುಳು ಜೀರ್ಣಿಸಿಕೊಳ್ಳಲಾಗದ ಕೆಲವು ಸಕ್ಕರೆಗಳ ಒಂದು ಭಾಗ ಆ ನೀರಿನೊಂದಿಗೆ ಹೋಗುತ್ತದೆ.

ಕೊಳವೆಬಾವಿಯ ಗಡುಸು ನೀರಿರುವ ಊರುಗಳಲ್ಲಿ ಎಷ್ಟು ಬೇಯಿಸಿದರೂ ಕಡಲೆ ಗಟ್ಟಿಯಾಗಿಯೇ ಉಳಿಯುವುದುಂಟು. ನೀರಿನ ಕ್ಯಾಲ್ಸಿಯಂ ಸಿಪ್ಪೆಯ ಪೆಕ್ಟಿನ್ ಎಂಬ ಅಂಟುಪದಾರ್ಥವನ್ನು ಬಿಗಿಗೊಳಿಸುವುದೇ ಇದಕ್ಕೆ ಕಾರಣ. ಶುದ್ಧೀಕರಿಸಿದ ಕುಡಿಯುವ ನೀರು ಬಳಸುವುದು ಸರಿಯಾದ ಪರಿಹಾರ. ಅಡುಗೆ ಸೋಡವನ್ನು ಬೇಯಿಸುವ ನೀರಿಗೆ ಹಾಕಬೇಡಿ. ಕಾಳು ಲೋಳೆಯಾಗುತ್ತದೆ, ಸಾಬೂನಿನಂಥ ರುಚಿ ಬರುತ್ತದೆ, ಥಯಾಮಿನ್ ಎಂಬ ಬಿ1 ಜೀವಸತ್ವವೂ ಹಾಳಾಗುತ್ತದೆ.

2. ಕಡಲೆ ಬೇಯಿಸುವುದು

ಸಲೆಂತೊದಲ್ಲಿ ಕಾಳುಗಳನ್ನು 'ಪಿನ್ಯಾತಾ' ಎಂಬ ಮಣ್ಣಿನ ಗಡಿಗೆಯಲ್ಲಿ ತುಂಬಿ, ಒಲೆಯ ಮೇಲಲ್ಲ, ಬೆಂಕಿಯ ಪಕ್ಕದಲ್ಲಿಟ್ಟು ಗಂಟೆಗಟ್ಟಲೆ ಬೇಯಿಸುತ್ತಿದ್ದರು. ತೆರೆದ ಪಾತ್ರೆಯಲ್ಲಿ, ಕಾಳಿನ ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ ಹಾಕಿ ಸಣ್ಣ ಉರಿಯಲ್ಲಿ ಬೇಯಿಸಿದರೆ ಒಂದೂವರೆಯಿಂದ ಎರಡು ಗಂಟೆ ಹಿಡಿಯುತ್ತದೆ. ಕುಕ್ಕರಿನಲ್ಲಾದರೆ ಕಾಳಿನ ಮೇಲೆ ಎರಡು ಬೆರಳು ನೀರು ಸಾಕು. ಒಂದು ಕೂಗು ಬಂದ ಮೇಲೆ ಉರಿ ಸಣ್ಣದು ಮಾಡಿ 15ರಿಂದ 20 ನಿಮಿಷ ಬಿಡಿ, ಒತ್ತಡ ತಾನಾಗಿ ಇಳಿಯಲಿ. ಎರಡೂ ವಿಧಾನದಲ್ಲಿ ಮೊದಲೇ ಬೇ ಎಲೆ, ಸೆಲೆರಿ, ಇಡಿಯ ಒಂದು ಈರುಳ್ಳಿ ಹಾಕಬಹುದು. ಟೊಮೆಟೊ ಮಾತ್ರ ಕಾಳು ಬೆಂದ ಮೇಲೆ. ಹುಳಿ ಕಾಳನ್ನು ಬೇಯಗೊಡುವುದಿಲ್ಲ.

ಬೆಂದಿದೆಯೇ ಎಂದು ತಿಳಿಯಲು ಒಂದು ಕಾಳನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮೆಲ್ಲನೆ ಒತ್ತಿ. ಆಕಾರ ಕೆಡದೆ ನಿಂತ ಕಾಳು ಒತ್ತಿದ ಕೂಡಲೇ ಬೆಣ್ಣೆಯಂತೆ ಹರಡಬೇಕು. ನಡುವೆ ಮರಳಿನ ಕಣದಂಥ ಒರಟು ಸಿಕ್ಕರೆ ಇನ್ನೂ ಹತ್ತು ನಿಮಿಷ ಬೇಕು. ಉಸಲಿಗೆ ಬೇಯಿಸುವ ಹದಕ್ಕಿಂತ ಇದು ಒಂದು ಹೆಜ್ಜೆ ಮುಂದೆ. ಬೆಂದ ಮೇಲೆ ಎಲೆ, ಸೆಲೆರಿ, ಈರುಳ್ಳಿಯನ್ನು ತೆಗೆದುಹಾಕಿ, ಟೊಮೆಟೊವನ್ನು ಹಿಚುಕಿ ಸೇರಿಸಿ, ಒಂದು ಸೌಟು ಕಾಳನ್ನು ನುಣ್ಣಗೆ ಅರೆದು ಮತ್ತೆ ಪಾತ್ರೆಗೇ ಬೆರೆಸಿ. ಬೇಯಿಸಿದ ನೀರನ್ನು ಚೆಲ್ಲಲೇಬಾರದು. ಸಾರು ಗಟ್ಟಿಯಾಗುವುದು, ರುಚಿ ಬರುವುದು ಅದರಿಂದಲೇ.

3. ಹಿಟ್ಟು ನಾದುವುದು

ರವೆಯನ್ನು ಅಗಲ ಪಾತ್ರೆಯಲ್ಲಿ ಹಾಕಿ ನಡುವೆ ಗುಳಿ ಮಾಡಿ, ಬೆಚ್ಚಗಿನ ನೀರನ್ನು ಮೂರು ಸಲವಾಗಿ ಸುರಿಯುತ್ತ ಕಲಸಿ. ಉಪ್ಪು, ಎಣ್ಣೆ ಏನೂ ಬೇಡ. ಎಲ್ಲರೂ ತಪ್ಪುವುದು ಇಲ್ಲೇ. ಹೋಳಿಗೆಗೆ ಚಿರೋಟಿ ರವೆಯ ಕಣಕ ಕಲಸಿ ಅಭ್ಯಾಸವಾದ ಕೈ ಈ ಹಿಟ್ಟು ಒಣಗಿದೆಯೆಂದು ಭಾವಿಸಿ ನೀರು ಹಾಕುತ್ತಲೇ ಹೋಗುತ್ತದೆ. ಕಣಕ ಜೋಲುವಷ್ಟು ಮೆತ್ತಗಿರಬೇಕು. ಇದು ಪೂರಿಯ ಹಿಟ್ಟಿಗಿಂತ ಗಟ್ಟಿಯಿರಬೇಕು. ಮೊದಲ ಐದು ನಿಮಿಷ ಹಿಟ್ಟು ಪುಡಿಪುಡಿಯಾಗಿ, ಒಂದುಗೂಡುವುದೇ ಇಲ್ಲವೇನೋ ಎನ್ನಿಸುತ್ತದೆ. ರವೆ ನೀರು ಹೀರಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ ಅಷ್ಟೆ. ಅದನ್ನು ಒತ್ತಿ ಮುದ್ದೆ ಮಾಡಿ, ಒದ್ದೆ ಬಟ್ಟೆ ಮುಚ್ಚಿ ಹತ್ತು ನಿಮಿಷ ಬಿಟ್ಟು ಮತ್ತೆ ನಾದಿ ನೋಡಿ; ಬಿರುಕುಗಳು ತಾವಾಗಿ ಮುಚ್ಚಿಕೊಂಡಿರುತ್ತವೆ. ಅಂಗೈಯ ಬುಡದಿಂದ ದೂಡಿ, ಮಡಚಿ, ತಿರುಗಿಸಿ, ಮತ್ತೆ ದೂಡುತ್ತ ಹತ್ತು ನಿಮಿಷ ನಾದಬೇಕು. ಬೆರಳಿನಿಂದ ಒತ್ತಿದ ಗುಳಿ ನಿಧಾನವಾಗಿ ಅರ್ಧದಷ್ಟು ಮೇಲೆ ಬಂದರೆ ಹದ ಸರಿಯಾಗಿದೆ. ಈಗ ಮುಚ್ಚಿ ಅರ್ಧ ಗಂಟೆ ಇಡಿ. ಈ ವಿಶ್ರಾಂತಿ ತಪ್ಪಿಸಿದರೆ ಲಟ್ಟಿಸಿದ ಹಾಳೆ ರಬ್ಬರಿನಂತೆ ಹಿಂದಕ್ಕೆ ಕುಗ್ಗುತ್ತದೆ.

4. ಲಟ್ಟಿಸಿ ಕತ್ತರಿಸುವುದು

ಹಿಟ್ಟನ್ನು ಮೂರು ಉಂಡೆ ಮಾಡಿ, ಒಣ ರವೆ ಉದುರಿಸಿದ ಮಣೆಯ ಮೇಲೆ ಸುಮಾರು 2 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ಚಪಾತಿಗಿಂತ ತುಸು ದಪ್ಪವಿದ್ದರೂ ಅಡ್ಡಿಯಿಲ್ಲ, ಕಾಗದದಷ್ಟು ತೆಳುವಾಗಬಾರದು. ಹಾಳೆಯ ಮೇಲೆ ರವೆ ಉದುರಿಸಿ ಸಡಿಲವಾಗಿ ಸುತ್ತಿ, 1 ಸೆಂಟಿಮೀಟರ್ ಅಗಲದ ಪಟ್ಟಿಗಳನ್ನು ಕತ್ತರಿಸಿ, ಬಿಡಿಸಿ, 7-8 ಸೆಂಟಿಮೀಟರ್ ಉದ್ದಕ್ಕೆ ತುಂಡು ಮಾಡಿ. ಸ್ವಚ್ಛವಾದ ಹತ್ತಿ ಬಟ್ಟೆಯ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ ಒಂದು ಗಂಟೆ ಆರಲು ಬಿಡಿ. ಮಳೆಗಾಲದಲ್ಲಿ ಫ್ಯಾನಿನ ಕೆಳಗಿಡಿ. ಕರಿಯುವ ಪಟ್ಟಿಗಳು ಚೆನ್ನಾಗಿ ಆರಿರಲೇಬೇಕು. ಹಸಿ ಇದ್ದರೆ ಎಣ್ಣೆ ಸಿಡಿಯುತ್ತದೆ, ಅಲ್ಲದೆ ಹೊರಗೆ ಕೆಂಪಾಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ.

5. ಮೂರನೆಯ ಒಂದು ಪಾಲನ್ನು ಕರಿಯುವುದು

ಸಣ್ಣ ಬಾಣಲೆಯಲ್ಲಿ 150 ಮಿಲಿ ಎಣ್ಣೆ ಸಾಕು. ಒಂದು ಪಟ್ಟಿ ಹಾಕಿದರೆ ಸುತ್ತಲೂ ಗುಳ್ಳೆ ಎದ್ದು ಕೂಡಲೇ ತೇಲಬೇಕು. ಥರ್ಮಾಮೀಟರ್ ಇದ್ದವರು 170 ಡಿಗ್ರಿ ಸೆಲ್ಸಿಯಸ್ ನೋಡಿಕೊಳ್ಳಿ. ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯಲ್ಲಿ ಕರಿಯಲೇಬಾರದು ಎಂಬುದು ತಪ್ಪು ತಿಳಿವಳಿಕೆ. ಈ ಶಾಖವನ್ನು ಅದು ತಾಳುತ್ತದೆ, ಹೊಗೆಯೇಳಲು ಬಿಡಬಾರದು ಅಷ್ಟೆ. ಪಟ್ಟಿಗಳು ಸಮನಾದ ಹೊಂಬಣ್ಣಕ್ಕೆ ತಿರುಗಿದಾಗ ಜಾಲರಿ ಸೌಟಿನಲ್ಲಿ ತೆಗೆಯಿರಿ. ಆರಿದ ಒಂದು ಪಟ್ಟಿಯನ್ನು ಸ್ಟೀಲ್ ತಟ್ಟೆಗೆ ಬೀಳಿಸಿದರೆ ಟಣ್ ಎನ್ನಬೇಕು. ಕಂದು ಬಣ್ಣಕ್ಕೆ ಹೋದರೆ ಕಹಿ ಇಡೀ ಪಾತ್ರೆಗೆ ಹರಡುತ್ತದೆ. ಅಂಥವನ್ನು ಮರುಕವಿಲ್ಲದೆ ಎತ್ತಿಡಿ. ಮಿಕ್ಕ ಎಣ್ಣೆಯನ್ನು ಚೆಲ್ಲಬೇಡಿ, ಮುಂದಿನ ಹಂತಕ್ಕೆ ಬೇಕು.

6. ಕೂಡಿಸುವುದು

ಅಗಲ ಪಾತ್ರೆಯಲ್ಲಿ ಕರಿದ ಎಣ್ಣೆಯಿಂದಲೇ ಎರಡು ದೊಡ್ಡ ಚಮಚ ಹಾಕಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಮತ್ತು ಜಜ್ಜಿದ ಬೆಳ್ಳುಳ್ಳಿಯನ್ನು ಸಣ್ಣ ಉರಿಯಲ್ಲಿ ಬಾಡಿಸಿ. ಇದಕ್ಕೆ ಇಟಾಲಿಯನ್ನರು 'ಸೊಫ್ರಿತ್ತೊ' ಎನ್ನುತ್ತಾರೆ. ನಮ್ಮ ಒಗ್ಗರಣೆ ಕಾದ ಎಣ್ಣೆಯಲ್ಲಿ ಕ್ಷಣದಲ್ಲಿ ಮುಗಿಯುತ್ತದೆ; ಇದಕ್ಕೆ ಹತ್ತು ನಿಮಿಷದ ಸಹನೆ ಬೇಕು, ಈರುಳ್ಳಿ ಬಣ್ಣ ತಿರುಗದೆ ಮೆತ್ತಗಾಗಬೇಕು. ಇದರ ಮೇಲೆ ಕಡಲೆಯನ್ನು ನೀರಿನ ಸಮೇತ ಸುರಿದು ಕುದಿಯಲು ಬಿಡಿ. ಸಾಸಿವೆ, ಜೀರಿಗೆ, ಅರಿಶಿನ ಹಾಕಲು ಕೈ ತುರಿಸುತ್ತದೆ, ಗೊತ್ತು. ಹಾಕಿದರೆ ಅದು ಚೆನ್ನಾದ ಇನ್ನೊಂದು ಅಡುಗೆಯಾಗುತ್ತದೆ, ಚಿಚೆರಿ ಎ ತ್ರಿಯಾ ಆಗುವುದಿಲ್ಲ.

ಇನ್ನೊಂದು ಪಾತ್ರೆಯಲ್ಲಿ ಎರಡು ಲೀಟರ್ ನೀರು ಕುದಿಸಿ ಎರಡು ಚಿಕ್ಕ ಚಮಚ ಉಪ್ಪು ಹಾಕಿ, ಉಳಿದ ಪಟ್ಟಿಗಳನ್ನು ಬೇಯಿಸಿ. ಮೂರರಿಂದ ಐದು ನಿಮಿಷದಲ್ಲಿ ಅವು 'ಅಲ್ ದೆಂತೆ' ಹದಕ್ಕೆ ಬರುತ್ತವೆ, ಅಂದರೆ ಬೆಂದಿದ್ದರೂ ಕಚ್ಚಿದಾಗ ಹಲ್ಲಿಗೆ ತುಸು ತಡೆ ಕೊಡುತ್ತವೆ. ಅದಕ್ಕೆ ಒಂದು ನಿಮಿಷ ಮುಂಚೆಯೇ ತೆಗೆದು ಕಡಲೆಯ ಪಾತ್ರೆಗೆ ಹಾಕಿ, ಕೊನೆಯ ನಿಮಿಷ ಅಲ್ಲಿ ಬೇಯಲಿ. ಬಸಿದ ಪಾಸ್ತಾವನ್ನು ತಣ್ಣೀರಿನಲ್ಲಿ ತೊಳೆಯುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಇಲ್ಲಿ ಅದು ದೊಡ್ಡ ತಪ್ಪು, ಸಾರನ್ನು ಪಟ್ಟಿಗೆ ಅಂಟಿಸುವ ಗಂಜಿಯನ್ನೇ ತೊಳೆದಂತಾಗುತ್ತದೆ. ಸಾರು ಗಟ್ಟಿಯಾಯಿತೆನಿಸಿದರೆ ಬೇಯಿಸಿದ ನೀರನ್ನೇ ಒಂದು ಸೌಟು ಹಾಕಿ.

ಒಲೆ ಆರಿಸಿದ ಮೇಲೆ ಕರಿದ ಪಟ್ಟಿಗಳಲ್ಲಿ ಅರ್ಧವನ್ನು ಬೆರೆಸಿ ಎರಡು ನಿಮಿಷ ಮುಚ್ಚಿಡಿ, ಮಿಕ್ಕರ್ಧವನ್ನು ಬಡಿಸುವಾಗ ಮೇಲೆ ಹಾಕಿ. ಒಳಗಿನವು ಸಾರು ಕುಡಿದು ಅಗಿಯುವಂತಾಗುತ್ತವೆ, ಮೇಲಿನವು ಗರಿಗರಿಯಾಗಿಯೇ ಇರುತ್ತವೆ. ಕರಿಮೆಣಸಿನ ಪುಡಿ, ಒಂದು ಗೆರೆ ಹಸಿ ಆಲಿವ್ ಎಣ್ಣೆ, ಅಷ್ಟೇ. ಚೀಸ್ ತುರಿಯುವುದು ಈ ಅಡುಗೆಯ ಸಂಪ್ರದಾಯವಲ್ಲ. ಕಟ್ಟಾ ಸಸ್ಯಾಹಾರಿಗಳಿಗೆ ಇನ್ನೊಂದು ಮಾತು: ಪಾರ್ಮಿಜಾನೊ ರೆಜ್ಜಾನೊ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿಯೇ ಹೆಪ್ಪುಗಟ್ಟಿಸುತ್ತಾರೆ. ಇಟಾಲಿಯನ್ ಊಟದಲ್ಲಿ ಮಾಂಸ ಕಾಣದಿದ್ದ ಮಾತ್ರಕ್ಕೆ ಅದು ಸಸ್ಯಾಹಾರ ಎಂದು ತಿಳಿಯುವಂತಿಲ್ಲ. ಚಿಚೆರಿ ಎ ತ್ರಿಯಾದಲ್ಲಿ ಆ ಆತಂಕವಿಲ್ಲ.

ಪೋಷಕಾಂಶದ ಲೆಕ್ಕ

100 ಗ್ರಾಂ ಒಣ ಕಾಬೂಲಿ ಕಡಲೆಯಲ್ಲಿ ಸುಮಾರು 20 ಗ್ರಾಂ ಪ್ರೋಟೀನು, 12 ಗ್ರಾಂ ನಾರು, 4 ಮಿಲಿಗ್ರಾಂಗೂ ಹೆಚ್ಚು ಕಬ್ಬಿಣ ಇರುತ್ತವೆ. ಅಷ್ಟೇ ಡ್ಯೂರಮ್ ರವೆಯಲ್ಲಿ ಸುಮಾರು 12.5 ಗ್ರಾಂ ಪ್ರೋಟೀನು, 4 ಗ್ರಾಂ ನಾರು. ಬಾಣಲೆಯಲ್ಲಿ ಉಳಿದದ್ದನ್ನು ಕಳೆದು, ಒಟ್ಟು ನಾಲ್ಕು ದೊಡ್ಡ ಚಮಚ ಎಣ್ಣೆ ಹೊಟ್ಟೆಗೆ ಸೇರುತ್ತದೆಂದು ಹಿಡಿದರೆ, ಮೇಲಿನ ಅಳತೆಯಲ್ಲಿ ಒಬ್ಬರ ಪಾಲಿಗೆ ಸರಿಸುಮಾರು 580 ಕಿಲೊಕ್ಯಾಲರಿ, 21 ಗ್ರಾಂ ಪ್ರೋಟೀನು, 10 ಗ್ರಾಂ ನಾರು, 18 ಗ್ರಾಂ ಕೊಬ್ಬು ಬರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೊಗೆ ದಿನಕ್ಕೆ 0.83 ಗ್ರಾಂ ಪ್ರೋಟೀನು. 60 ಕಿಲೊ ತೂಕದವರಿಗೆ ಅದು 50 ಗ್ರಾಂ ಆಗುತ್ತದೆ. ಒಂದು ಹೊತ್ತಿನ ಈ ಊಟ ಅದರ ಐದರಲ್ಲಿ ಎರಡು ಪಾಲನ್ನು ತುಂಬಿಸುತ್ತದೆ.

ಪ್ರೋಟೀನಿನ ಪ್ರಮಾಣಕ್ಕಿಂತ ಅದರ ಗುಣ ಮುಖ್ಯ. ಗೋಧಿಯ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಮೈನೊ ಆಮ್ಲ ಕಡಿಮೆ; ಅಮೈನೊ ಆಮ್ಲಗಳೆಂದರೆ ಪ್ರೋಟೀನನ್ನು ಕಟ್ಟುವ ಇಟ್ಟಿಗೆಗಳು. ಕಡಲೆಯಲ್ಲಿ ಲೈಸೀನ್ ಧಾರಾಳವಾಗಿದೆ, ಆದರೆ ಮೆಥಿಯೋನೀನ್ ಎಂಬುದು ಕಡಿಮೆ, ಅದು ಗೋಧಿಯಲ್ಲಿದೆ. ಅನ್ನದೊಂದಿಗೆ ಬೇಳೆ ಸಾರು, ಜೋಳದ ರೊಟ್ಟಿಯೊಂದಿಗೆ ಕಾಳು ಪಲ್ಯ ಮಾಡುವ ಕೆಲಸವನ್ನೇ ಪುಲಿಯಾದ ರೈತ ಕುಟುಂಬಗಳಲ್ಲಿ ಈ ಅಡುಗೆ ಮಾಡಿದೆ. ಹೋಟೆಲಿನ ಬಿಳಿ ಸಾಸಿನ ಪಾಸ್ತಾದಲ್ಲಿ ಪಾಸ್ತಾವೇ ಮುಖ್ಯ, ಜೊತೆಗೆ ಬೆಣ್ಣೆ, ಮೈದಾ, ಚೀಸ್. ಅದನ್ನು ನೋಡಿ ಇಟಾಲಿಯನ್ ಊಟ ಆರೋಗ್ಯಕ್ಕೆ ಕೆಟ್ಟದ್ದೆಂದು ತೀರ್ಮಾನಿಸುವುದು ಸರಿಯಲ್ಲ.

ಕಡಲೆಯ ಕಬ್ಬಿಣ ಸಸ್ಯಮೂಲದ್ದಾದ್ದರಿಂದ ದೇಹ ಅದನ್ನು ಪೂರ್ತಿಯಾಗಿ ಹೀರಿಕೊಳ್ಳುವುದಿಲ್ಲ. ಸಿ ಜೀವಸತ್ವ ಜೊತೆಗಿದ್ದರೆ ಹೀರುವಿಕೆ ಹೆಚ್ಚುತ್ತದೆ. ಟೊಮೆಟೊ ಸ್ವಲ್ಪ ನೆರವಾಗುತ್ತದೆ, ಊಟದ ಕೊನೆಗೆ ಕಿತ್ತಳೆಯನ್ನೋ ಸೀಬೆಯನ್ನೋ ತಿಂದರೆ ಇನ್ನೂ ಒಳ್ಳೆಯದು. ಊಟದ ಬೆನ್ನಿಗೇ ಕಾಫಿ, ಚಹಾ ಕುಡಿದರೆ ಆ ಲಾಭ ಕಡಿಮೆಯಾಗುತ್ತದೆ.

ಮಧುಮೇಹವಿರುವವರು ತಿನ್ನಬಹುದೇ ಎಂಬ ಪ್ರಶ್ನೆಯೂ ಬರುತ್ತದೆ. ಕಡಲೆಯ ಗ್ಲೈಸೀಮಿಕ್ ಸೂಚ್ಯಂಕ, ಅಂದರೆ ತಿಂದ ಪದಾರ್ಥ ರಕ್ತದ ಸಕ್ಕರೆಯನ್ನು ಎಷ್ಟು ಬೇಗ ಏರಿಸುತ್ತದೆ ಎಂಬ ಅಳತೆ, ಕಡಿಮೆಯದು. ಡ್ಯೂರಮ್ ಪಾಸ್ತಾದ್ದೂ ಬಿಳಿ ಬ್ರೆಡ್ಡಿಗಿಂತ ಕಡಿಮೆ, ಆದರೆ ಅತಿಯಾಗಿ ಬೆಂದರೆ ಏರುತ್ತದೆ. ಅಲ್ ದೆಂತೆ ಹದಕ್ಕೆ ರುಚಿಯ ಹೊರತಾಗಿಯೂ ಕಾರಣವಿದೆ. ಅವರು ರವೆಯನ್ನು 150 ಗ್ರಾಂಗೆ ಇಳಿಸಿ ಕಡಲೆಯನ್ನು ಹಾಗೆಯೇ ಉಳಿಸಿಕೊಳ್ಳಲಿ, ಪ್ರಮಾಣವನ್ನು ತಮ್ಮ ವೈದ್ಯರೊಂದಿಗೆ ಮಾತನಾಡಿ ನಿರ್ಧರಿಸಲಿ. ಸೀಲಿಯಾಕ್ ಕಾಯಿಲೆಯವರಿಗೆ, ಎಂದರೆ ಗ್ಲುಟೆನ್ ಒಗ್ಗದವರಿಗೆ, ಡ್ಯೂರಮ್ ಆಗಲಿ ಜವೆ ಗೋಧಿಯಾಗಲಿ ವರ್ಜ್ಯ. ಉಪ್ಪಿನ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿ 5 ಗ್ರಾಂಗಿಂತ ಕಡಿಮೆ. ಆದ್ದರಿಂದ ಕಡಲೆಗೆ ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿಯೇ ಹಾಕಿ.

ಕಾಬೂಲಿ ಕಡಲೆಯ ಬದಲು ನಮ್ಮ ಕರಿ ಕಡಲೆ ಬಳಸಿದರೆ ಸಿಪ್ಪೆ ಹೆಚ್ಚಿರುವುದರಿಂದ ನಾರು ಇನ್ನೂ ಹೆಚ್ಚು, ಬೇಯಿಸುವ ಹೊತ್ತೂ ಹೆಚ್ಚು. ಇದನ್ನು ಅಪಚಾರವೆಂದು ಎಣಿಸಬೇಕಿಲ್ಲ. ಪುಲಿಯಾದ ಮುರ್ಜಾ ಪ್ರಸ್ಥಭೂಮಿಯಲ್ಲಿ ಕಪ್ಪು ಕಡಲೆಯ ತಳಿಯೊಂದನ್ನು ಇಂದಿಗೂ ಬೆಳೆಯುತ್ತಾರೆ.

ಉಳಿದರೆ

ಬೆಂದ ಕಡಲೆಯನ್ನು ಅದರ ನೀರಿನಲ್ಲಿಯೇ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಕೆಡದು. ಕರಿದ ಪಟ್ಟಿಗಳನ್ನು ಪೂರ್ತಿ ಆರಿದ ಮೇಲೆ ಡಬ್ಬಿಯಲ್ಲಿ ಬೇರೆಯಾಗಿಯೇ ಇಡಿ. ಕೂಡಿಸಿಟ್ಟ ಅಡುಗೆ ಮರುದಿನಕ್ಕೆ ಗಟ್ಟಿ ಮುದ್ದೆಯಾಗಿರುತ್ತದೆ. ಅದನ್ನು ಮೈಕ್ರೋವೇವಿನಲ್ಲಿ ಹಾಗೆಯೇ ಬಿಸಿ ಮಾಡುವ ಬದಲು ಬಾಣಲೆಗೆ ಹಾಕಿ, ಅರ್ಧ ಲೋಟ ಬಿಸಿನೀರು ಸೇರಿಸಿ, ಸೌಟಿನಿಂದ ಒಡೆಯದಂತೆ ಬಿಡಿಸಿ, ಡಬ್ಬಿಯ ಪಟ್ಟಿಗಳನ್ನು ಮೇಲೆ ಮುರಿದು ಹಾಕಿ.